ಕೂದಲು ಕಸಿ: ಎಫ್‌ಯುಟಿ, ಎಫ್‌ಯುಇ, ಡಿಎಚ್‌ಐ ಆರಿಸುವ ಮುನ್ನ ಹಿಂದಲೆಯ ಲೆಕ್ಕ

ಕೂದಲು ಕಸಿ ಮಾಡಿಸಲು ಹೊರಟವರು ಮೊದಲು ಕೇಳುವುದು ‘ಎಫ್‌ಯುಇ ಒಳ್ಳೆಯದೋ, ಡಿಎಚ್‌ಐ ಒಳ್ಳೆಯದೋ’ ಎಂದು. (ಎಫ್‌ಯುಟಿಯಲ್ಲಿ ಹಿಂದಲೆಯ ಚರ್ಮದ ಪಟ್ಟಿ ತೆಗೆದು ಬುಡ ಬಿಡಿಸುತ್ತಾರೆ, ಎಫ್‌ಯುಇಯಲ್ಲಿ ಬುಡಗಳನ್ನು ಒಂದೊಂದಾಗಿ ಕೊರೆದು ತೆಗೆಯುತ್ತಾರೆ, ಡಿಎಚ್‌ಐನಲ್ಲಿ ತೆಗೆದದ್ದನ್ನು ಪೆನ್ನಿನಂಥ ಸಾಧನದಿಂದ ನೆಡುತ್ತಾರೆ.) ಜಾಹೀರಾತುಗಳೂ ಇದೇ ಪ್ರಶ್ನೆ ಎತ್ತಿ, ತಮ್ಮಲ್ಲಿರುವುದೇ ಉತ್ತಮ ಎಂದು ಉತ್ತರ ಕೊಡುತ್ತವೆ. ಆದರೆ ಕಸಿಯಿಂದ ಹೊಸ ಕೂದಲು ಹುಟ್ಟುವುದಿಲ್ಲ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಹಿಂದಲೆಯಲ್ಲಿ ಇರುವ ಬುಡಗಳನ್ನೇ ತೆಗೆದು ಮುಂದೆ ನೆಡುತ್ತಾರೆ. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಇಡೀ ಆಯುಷ್ಯಕ್ಕೆ ಇರುವುದು ಇಷ್ಟೇ ದಾಸ್ತಾನು. ಅದು ಎಷ್ಟಿದೆ, ಇವತ್ತು ಎಷ್ಟು ಖರ್ಚು ಮಾಡಬೇಕು, ನಲವತ್ತೈದನೇ ವಯಸ್ಸಿಗೆ ಎಷ್ಟು ಉಳಿಸಿಕೊಳ್ಳಬೇಕು ಎಂಬುದು ತೀರ್ಮಾನವಾದ ಮೇಲೆ ವಿಧಾನದ ಆಯ್ಕೆ ಅರ್ಧ ತಾನಾಗಿಯೇ ಆಗಿರುತ್ತದೆ.

ಹಿಂದಲೆಯ ಬುಡಗಳನ್ನೇ ಆರಿಸುವುದಕ್ಕೆ ಕಾರಣವಿದೆ. ಗಂಡಸರ ಬೋಳುತನಕ್ಕೆ ಡಿಎಚ್‌ಟಿ ಎಂಬ ಹಾರ್ಮೋನು ಕಾರಣ. ಹಣೆಯ ಮೇಲಿನ ಮತ್ತು ನೆತ್ತಿಯ ಬುಡಗಳು ಹುಟ್ಟಿನಿಂದಲೇ ಅದಕ್ಕೆ ಸೂಕ್ಷ್ಮ. ವರ್ಷದಿಂದ ವರ್ಷಕ್ಕೆ ಅವು ಸಣ್ಣಗಾಗುತ್ತವೆ, ಕೂದಲು ನವಿರಾಗುತ್ತದೆ, ಕೊನೆಗೆ ಏಳುವುದೇ ಇಲ್ಲ. ಹಿಂದಲೆಯ ಬುಡಗಳಿಗೆ ಆ ಸೂಕ್ಷ್ಮತೆ ಇಲ್ಲ, ಮತ್ತು ಎಲ್ಲಿ ನೆಟ್ಟರೂ ಆ ಗುಣವನ್ನು ಉಳಿಸಿಕೊಳ್ಳುತ್ತವೆ. ಅಮೆರಿಕದ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ತೋರಿಸಿಕೊಟ್ಟರು. ಆಗ 4 ಮಿ.ಮೀ. ಅಗಲದ ತುಂಡುಗಳನ್ನೇ ನೆಡುತ್ತಿದ್ದರಿಂದ ತಲೆ ಗೊಂಬೆಯ ತಲೆಯಂತೆ ಗುಚ್ಛಗುಚ್ಛವಾಗಿ ಕಾಣುತ್ತಿತ್ತು. ಈಗ ನೆಡುವುದು ಒಂದರಿಂದ ನಾಲ್ಕು ಕೂದಲು ಒಟ್ಟಿಗೆ ಹುಟ್ಟುವ ಸಹಜ ಘಟಕವನ್ನು. ಅದನ್ನೇ ಗ್ರಾಫ್ಟ್ ಅನ್ನುತ್ತಾರೆ. ಸರಾಸರಿ ಒಂದು ಗ್ರಾಫ್ಟಿನಲ್ಲಿ ಎರಡು ಕೂದಲು.

ನಿಮಗೆ ಕಸಿ ಬೇಕೇ ಎಂಬುದು ಮೊದಲು

ದಾವಣಗೆರೆ, ಚಿತ್ರದುರ್ಗದ ಈ ಭಾಗದಲ್ಲಿ ಕೂದಲು ಉದುರಿದರೆ ಮೊದಲ ಆರೋಪ ನೀರಿನ ಮೇಲೆ. ಚಿತ್ರದುರ್ಗದ ಬೋರ್‌ವೆಲ್ಲಿನ ಗಡಸು ನೀರಿಗೆ ಕೂದಲು ಒರಟಾಗುತ್ತದೆ, ತುದಿ ಸೀಳುತ್ತದೆ, ಸೋಪು ನೊರೆ ಬರುವುದಿಲ್ಲ, ನಿಜ. ಆದರೆ ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತಾ ನೆತ್ತಿಯ ಸುಳಿ ಅಗಲವಾಗುತ್ತಾ ಹೋಗುವುದು ನೀರಿನಿಂದಲ್ಲ. ಮನೆಯ ನಲ್ಲಿಯಲ್ಲಿ ಭದ್ರಾ ನಾಲೆಯ ನೀರು ಬರಲಿ, ಸೂಳೆಕೆರೆಯ ನೀರು ಬರಲಿ, ಆ ಮಾದರಿಯ ಬೋಳುತನ ನಿಲ್ಲುವುದಿಲ್ಲ. ಫಿಲ್ಟರ್‌ಗೂ ಎಣ್ಣೆಗೂ ಸುರಿಯುವ ದುಡ್ಡಿನಲ್ಲಿ ಒಮ್ಮೆ ಚರ್ಮರೋಗ ತಜ್ಞರಿಗೆ ತೋರಿಸುವುದು ಲೇಸು. ದಾವಣಗೆರೆಯ ಜೆ.ಜೆ.ಎಂ. ಮೆಡಿಕಲ್ ಕಾಲೇಜಿನಂಥ ಸಂಸ್ಥೆಗಳ ಚರ್ಮರೋಗ ಹೊರರೋಗಿ ವಿಭಾಗಕ್ಕೆ ಹೋದರೆ ಕಸಿ ಮಾರುವ ಆತುರವಿಲ್ಲದ ಅಭಿಪ್ರಾಯ ಸಿಗುತ್ತದೆ.

ಅಲ್ಲಿ ತಿಳಿಯಬೇಕಾದದ್ದು ಉದುರುವಿಕೆಯ ಜಾತಿ. ಡೆಂಗಿ, ಟೈಫಾಯಿಡ್‌ನಂಥ ಜ್ವರ, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು ಇವೆಲ್ಲ ಆಗಿ ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರತೊಡಗುತ್ತದೆ. ಇದು ಇಡೀ ತಲೆಯಿಂದ ಒಂದೇ ಸಮನೆ ಉದುರುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ಇದಕ್ಕೆ ಕಸಿ ಮಾಡಿಸುವುದು ಶುದ್ಧ ನಷ್ಟ. ರಕ್ತಹೀನತೆ, ಥೈರಾಯಿಡ್ ತೊಂದರೆಯಿಂದಲೂ ಹೀಗಾಗುವುದರಿಂದ ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ನಾಣ್ಯದಗಲ ದುಂಡಗೆ ನುಣ್ಣಗೆ ಉದುರುವ ಅಲೋಪೇಶಿಯಾ ಏರಿಯೇಟಾಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕಾರಣ. ನೆಟ್ಟದ್ದನ್ನೂ ಅದು ಬಿಡುವುದಿಲ್ಲ. ಉದುರಿದ ಜಾಗ ಕೆಂಪಾಗಿ ಉರಿಯುತ್ತಿದ್ದರೆ, ತುರಿಸುತ್ತಿದ್ದರೆ, ಚರ್ಮದ ರಂಧ್ರಗಳೇ ಮುಚ್ಚಿ ಹೊಳೆಯುತ್ತಿದ್ದರೆ ಅದು ಕಲೆ ಉಳಿಸುವ ಕಾಯಿಲೆ ಇರಬಹುದು. ಅದು ಸಂಪೂರ್ಣ ಆರಿ ಒಂದೆರಡು ವರ್ಷ ಸುಮ್ಮನಿದ್ದ ಮೇಲೆಯೇ ಕಸಿಯ ಮಾತು.

ಹೆಚ್ಚು ಗಮನ ಕೊಡಬೇಕಾದ ಇನ್ನೊಂದು ಗುಂಪಿದೆ: ಹಿಂದಲೆಯೂ ಸೇರಿ ಎಲ್ಲ ಕಡೆ ಕೂದಲು ನವಿರಾಗಿರುವವರು. ಟ್ರೈಕೋಸ್ಕೋಪ್ ಎಂಬ ಭೂತಗನ್ನಡಿಯಂಥ ಕ್ಯಾಮೆರಾ ಇಟ್ಟು ನೋಡಿದಾಗ ಹಿಂದಲೆಯ ಕೂದಲಲ್ಲಿ ಐದಕ್ಕೊಂದಕ್ಕಿಂತ ಹೆಚ್ಚು ನವಿರಾಗಿದ್ದರೆ ಅಲ್ಲಿಂದ ತೆಗೆದು ನೆಟ್ಟದ್ದು ಮುಂದೆ ನಿಲ್ಲುವ ಭರವಸೆ ಇಲ್ಲ. ಹಿಂದಲೆಯನ್ನು ಹೀಗೆ ನೋಡದೆಯೇ ಗ್ರಾಫ್ಟ್ ಸಂಖ್ಯೆ ಹೇಳುವ ಕಡೆಯಿಂದ ಎದ್ದು ಬನ್ನಿ.

ವಯಸ್ಸಿನ ಮಾತೂ ಇಲ್ಲೇ ಹೇಳಿಬಿಡಬೇಕು. 25ರೊಳಗಿನವರಿಗೆ ಕಸಿ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. 22ರ ಹುಡುಗನ ಹಣೆಗೆ ಹದಿನೆಂಟರ ರೇಖೆಯನ್ನೇ ಮರಳಿ ಕೂರಿಸಿದರೆ, ಮೂವತ್ತೈದಕ್ಕೆ ಅದರ ಹಿಂದಿನದೆಲ್ಲ ಉದುರಿ ಮುಂದೊಂದು ಅಂಚು, ನಡುವೆ ಬಯಲು ಎಂಬಂತಾಗುತ್ತದೆ. ಆ ಬಯಲನ್ನು ತುಂಬಲು ಹಿಂದಲೆಯಲ್ಲಿ ಆಗ ಏನೂ ಉಳಿದಿರುವುದಿಲ್ಲ. ತಂದೆ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ತಾಯಿಯ ತಂದೆ ಇವರೆಲ್ಲರ ತಲೆ ಈಗ ಹೇಗಿದೆ ಎಂಬುದು ಎಷ್ಟೋ ಸಲ ಯಾವ ಪರೀಕ್ಷೆಗಿಂತ ಚೆನ್ನಾಗಿ ಮುಂದಿನದನ್ನು ಹೇಳುತ್ತದೆ.

ಮೊದಲು ಔಷಧ, ಆಮೇಲೆ ಚಾಕು

ಕಸಿ ಇರುವ ಕೂದಲನ್ನು ಕಾಪಾಡುವುದಿಲ್ಲ. ಅದಕ್ಕೆ ಔಷಧವೇ ಬೇಕು. 5% ಮಿನಾಕ್ಸಿಡಿಲ್ ಲೋಷನ್ನು ಒಣಗಿದ ನೆತ್ತಿಗೆ ದಿನಕ್ಕೆ ಎರಡು ಸಲ 1 ಮಿ.ಲೀ. ಹಚ್ಚಬೇಕು, ನಾಲ್ಕು ತಾಸು ತೊಳೆಯಬಾರದು. ಶುರುವಿನ ಒಂದೆರಡು ತಿಂಗಳು ಕೂದಲು ಹೆಚ್ಚೇ ಉದುರುತ್ತದೆ. ದುರ್ಬಲ ಕೂದಲು ಹೋಗಿ ಅದೇ ಬುಡದಿಂದ ಹೊಸದು ಬರುವ ಮೊದಲ ಹಂತವದು. ಬಹಳ ಜನ ಅಲ್ಲಿಗೇ ಹೆದರಿ ಬಿಟ್ಟುಬಿಡುತ್ತಾರೆ. ಆರು ತಿಂಗಳಾದರೂ ಹಚ್ಚದೆ ಫಲ ಹೇಳಲಾಗದು. ಫಿನಾಸ್ಟರೈಡ್ 1 ಮಿ.ಗ್ರಾಂ. ಮಾತ್ರೆ ಡಿಎಚ್‌ಟಿಯನ್ನೇ ತಗ್ಗಿಸುತ್ತದೆ, ಗಂಡಸರಿಗೆ ಮಾತ್ರ, ವೈದ್ಯರ ಚೀಟಿ ಮೇಲೆ ಮಾತ್ರ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಕೆಲವರಿಗೆ ಮನಸ್ಸು ಮಂಕಾಗುತ್ತದೆ. ಇದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಲೂಬಾರದು. ಮಾತ್ರೆ ನಡೆಯುವಾಗ, ನಿಲ್ಲಿಸಿ ಒಂದು ತಿಂಗಳವರೆಗೂ ರಕ್ತದಾನ ಬೇಡ. ಪ್ರೊಸ್ಟೇಟ್ ಪರೀಕ್ಷೆ ಮಾಡಿಸುವ ವಯಸ್ಸಿನವರು ಈ ಮಾತ್ರೆಯ ವಿಷಯ ಹೇಳಲೇಬೇಕು, ಆ ರಕ್ತಪರೀಕ್ಷೆಯ ಪಿಎಸ್‌ಎ ಸಂಖ್ಯೆಯನ್ನು ಅದು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ಒಂದು ವರ್ಷ ಔಷಧ ನಡೆಸಿ ನೋಡಿದವರಲ್ಲಿ ಕೆಲವರಿಗೆ ಕಸಿಯ ಅಗತ್ಯವೇ ಬೀಳುವುದಿಲ್ಲ. ಬಿದ್ದರೂ ಕಡಿಮೆ ಗ್ರಾಫ್ಟ್ ಸಾಕಾಗುತ್ತದೆ. ಯಾವ ಔಷಧವನ್ನೂ ಮುಂದುವರಿಸಲು ಮನಸ್ಸಿಲ್ಲದವರು ಕಸಿಗೂ ಕೈ ಹಾಕದಿರುವುದು ಮೇಲು. ಪಿಆರ್‌ಪಿ, ಅಂದರೆ ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಭಾಗವನ್ನು ನೆತ್ತಿಗೆ ಚುಚ್ಚುವುದು, ಸಣ್ಣಗಾಗುತ್ತಿರುವ ಕೂದಲಿಗೆ ಸ್ವಲ್ಪ ಬಲ ಕೊಡಬಹುದು. ಪೂರ್ತಿ ಬೋಳಾದ ಜಾಗದಲ್ಲಿ ಏನೂ ಮಾಡದು.

ಗ್ರಾಫ್ ಹಾಳೆಯ ಲೆಕ್ಕ

ಎಷ್ಟು ಗ್ರಾಫ್ಟ್ ಬೇಕೆಂದು ಮನೆಯಲ್ಲೇ ಅಂದಾಜು ಮಾಡಬಹುದು. ತಲೆ ಒದ್ದೆ ಮಾಡಿ ಕೂದಲು ಹಿಂದಕ್ಕೆ ಬಾಚಿ. ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ಬೋಳು ಜಾಗದ ಮೇಲೆ ಬಿಗಿಯಾಗಿ ಹೊದಿಸಿ, ಮನೆಯವರೊಬ್ಬರ ಕೈಲಿ ಮಾರ್ಕರ್‌ನಿಂದ ಅಂಚು ಬರೆಸಿ. ಆ ಹಾಳೆಯನ್ನು ಶಾಲೆಯ ಗ್ರಾಫ್ ಹಾಳೆಯ ಮೇಲಿಟ್ಟು ಒಂದು ಸೆಂ.ಮೀ. ಚೌಕಗಳನ್ನು ಎಣಿಸಿ, ಅರ್ಧಕ್ಕಿಂತ ಹೆಚ್ಚು ತುಂಬಿದ್ದನ್ನು ಒಂದೆಂದು ಹಿಡಿಯಿರಿ. ಮುಂದಿನ ಭಾಗಕ್ಕೆ ಚದರ ಸೆಂ.ಮೀ.ಗೆ 35ರಿಂದ 40, ಸುಳಿಯ ಕಡೆ 25ರಿಂದ 30 ಗ್ರಾಫ್ಟ್. ಮುಂಭಾಗ 50 ಚೌಕ ಬಂದರೆ ಸುಮಾರು 2,000. ಸುಳಿಯಲ್ಲಿ 40 ಚೌಕ ಇದ್ದರೆ ಇನ್ನೊಂದು ಸಾವಿರದಷ್ಟು.

ಈಗ ದಾಸ್ತಾನು. ಹಿಂದಲೆಯ ಸುರಕ್ಷಿತ ಪಟ್ಟಿಯಲ್ಲಿ, ಅಂದರೆ ವಯಸ್ಸಾದರೂ ಉದುರದ ಭಾಗದಲ್ಲಿ, ಚದರ ಸೆಂ.ಮೀ.ಗೆ ಸಾಮಾನ್ಯವಾಗಿ 60ರಿಂದ 80 ಘಟಕಗಳಿರುತ್ತವೆ. ಹಿಂದಲೆ ತೆಳ್ಳಗೆ ಕಾಣದಂತೆ ಅದರಲ್ಲಿ ಜೀವಮಾನವಿಡೀ ತೆಗೆಯಬಹುದಾದದ್ದು ಹೆಚ್ಚಿನವರಿಗೆ 4,000ದಿಂದ 6,000 ಗ್ರಾಫ್ಟ್. ಮೇಲಿನ ಉದಾಹರಣೆಯಲ್ಲಿ 3,000 ಇವತ್ತೇ ಹೋಯಿತು. ಆ ವ್ಯಕ್ತಿಗೆ 30 ವರ್ಷವಾಗಿದ್ದು, ಮನೆತನದಲ್ಲಿ ಕಿವಿಯ ಮೇಲಿನ ಅಂಚು ಬಿಟ್ಟು ಎಲ್ಲ ಬೋಳಾಗುವ ರೂಢಿ ಇದ್ದರೆ ಸುಳಿಯನ್ನು ಈಗ ಬಿಟ್ಟುಬಿಡುವುದೇ ಸರಿ. ಸುಳಿ ಎಷ್ಟು ಹಾಕಿದರೂ ಸಾಲದ ಜಾಗ. ಅಲ್ಲಿ ಕೂದಲು ಸುತ್ತಿ ಹರಡುವುದರಿಂದ ಒಂದರ ಮೇಲೊಂದು ಬಿದ್ದು ಮುಚ್ಚುವುದಿಲ್ಲ. ಮುಖಕ್ಕೆ ಚೌಕಟ್ಟು ಕೊಡುವುದು ಮುಂಭಾಗ. ಸೀಮಿತ ದಾಸ್ತಾನು ಅಲ್ಲಿಗೇ ಸಲ್ಲಬೇಕು. ಒಂದೇ ಸಲಕ್ಕೆ 5,000 ಗ್ರಾಫ್ಟ್ ಹಾಕಿ ಇಡೀ ತಲೆ ತುಂಬುತ್ತೇವೆ ಎಂಬ ಕೊಡುಗೆ ನಿಮ್ಮ ನಾಳೆಯನ್ನೂ ಸೇರಿಸಿ ಮಾರುವ ಕೊಡುಗೆ.

ಎಫ್‌ಯುಟಿ: ಪಟ್ಟಿ ತೆಗೆಯುವ ವಿಧಾನ

ಹಿಂದಲೆಯಿಂದ 1ರಿಂದ 1.5 ಸೆಂ.ಮೀ. ಅಗಲ, 20 ಸೆಂ.ಮೀ. ಅಥವಾ ಹೆಚ್ಚು ಉದ್ದದ ಚರ್ಮದ ಪಟ್ಟಿಯನ್ನು ಕೂದಲಸಮೇತ ಕೊಯ್ದು ತೆಗೆದು, ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಮೊದಲು ತೆಳು ಹೋಳಾಗಿ, ಆಮೇಲೆ ಒಂದೊಂದೇ ಘಟಕವಾಗಿ ಬಿಡಿಸುತ್ತಾರೆ. ಕಣ್ಣಿಗೆ ಕಂಡುಕೊಂಡೇ ಕತ್ತರಿಸುವುದರಿಂದ ಬುಡ ತುಂಡಾಗುವುದು ಕಡಿಮೆ, ಸುತ್ತ ಒಂದಿಷ್ಟು ಕೊಬ್ಬಿನ ಹೊದಿಕೆಯೂ ಉಳಿಯುತ್ತದೆ. ಸುರಕ್ಷಿತ ಪಟ್ಟಿಯ ನಟ್ಟನಡುವಿನ, ಅತ್ಯಂತ ಗಟ್ಟಿ ಬುಡಗಳೇ ಸಿಗುತ್ತವೆ. ಹಿಂದಲೆ ಪೂರ್ತಿ ಬೋಳಿಸಬೇಕಿಲ್ಲ. ಮೇಲಿನ ಉದ್ದ ಕೂದಲು ಇಳಿಬಿಟ್ಟರೆ ಹೊಲಿಗೆ ಮಾರನೇ ದಿನವೇ ಕಾಣುವುದಿಲ್ಲ. ಹೆಂಗಸರಿಗೆ ಇದು ದೊಡ್ಡ ಅನುಕೂಲ.

ಬೆಲೆ ತೆರಬೇಕಾದದ್ದು ಗೆರೆಯಂಥ ಕಲೆಯ ರೂಪದಲ್ಲಿ. ಚೆನ್ನಾಗಿ ಕೂಡಿದರೆ 1–2 ಮಿ.ಮೀ. ಅಗಲದ ಗೆರೆ. ಕೆಳ ಅಂಚಿನ ಮೇಲ್ಪದರವನ್ನು ಕೂದಲೆಳೆಯಷ್ಟು ಸವರಿ ಹೊಲಿದರೆ ಗೆರೆಯೊಳಗಿಂದಲೇ ಕೂದಲು ಎದ್ದು ಅದನ್ನು ಮುಚ್ಚುತ್ತದೆ. ಟ್ರೈಕೋಫೈಟಿಕ್ ಹೊಲಿಗೆ ಎಂದು ಕೇಳಿ ಮಾಡಿಸಿಕೊಳ್ಳಿ. ಕಲೆ ಅಗಲವಾಗುವುದು ಎರಡು ಕಾರಣಕ್ಕೆ: ನೆತ್ತಿಯ ಚರ್ಮ ಬಿಗಿ ಇರುವವರಿಗೆ ಅತಿ ಅಗಲದ ಪಟ್ಟಿ ತೆಗೆದಾಗ, ಮತ್ತು ಆರುವ ಮುಂಚೆ ಕುತ್ತಿಗೆಗೆ ಭಾರ ಬಿದ್ದಾಗ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಎತ್ತುವವರು, ಅಡಿಕೆ ಕೊಯ್ಲಿನ ಕೆಲಸದವರು, ಜಿಮ್ಮಿನಲ್ಲಿ ತೂಕ ಎತ್ತುವವರು ಎರಡು ಮೂರು ತಿಂಗಳು ಭಾರ ಬಿಡಲಾಗದಿದ್ದರೆ ಈ ವಿಧಾನ ಬೇಡ. ಹೊಲಿಗೆ ಬಿಚ್ಚುವುದು 10–14 ದಿನಕ್ಕೆ. ಹಿಂದಲೆ ಮರಗಟ್ಟಿದಂತಿರುವುದು ಕೆಲವು ತಿಂಗಳು ಇರಬಹುದು. ಗಾಯದ ಕಲೆ ಗಂಟುಗಟ್ಟಿ ಬೆಳೆಯುವ ಕೀಲಾಯ್ಡ್ ಪ್ರಕೃತಿಯವರು ಇದರ ಹತ್ತಿರ ಸುಳಿಯಬಾರದು.

ಎಫ್‌ಯುಇ: ಒಂದೊಂದಾಗಿ ಕೊರೆಯುವ ವಿಧಾನ

2002ರಲ್ಲಿ ರಾಸ್ಮನ್, ಬರ್ನ್‌ಸ್ಟೈನ್ ಮತ್ತು ಸಹವೈದ್ಯರು ಇದನ್ನು ವಿವರವಾಗಿ ಪ್ರಕಟಿಸಿದ ಮೇಲೆ ಜನಪ್ರಿಯವಾಯಿತು. ಹಿಂದಲೆಯನ್ನು 1–2 ಮಿ.ಮೀ. ಉಳಿಸಿ ಬೋಳಿಸಿ, 0.8ರಿಂದ 1 ಮಿ.ಮೀ. ಬಾಯಿಯ ಟೊಳ್ಳು ಪಂಚ್‌ನಿಂದ ಪ್ರತಿ ಘಟಕದ ಸುತ್ತ ಕೊರೆದು, ಚಿಮುಟದಿಂದ ಹಿಡಿದು ಎತ್ತುತ್ತಾರೆ. ಹೊಲಿಗೆಯಿಲ್ಲ, ನೋವು ಕಡಿಮೆ, ನಾಲ್ಕೈದು ದಿನಕ್ಕೆ ಕಚೇರಿ ಕೆಲಸ. ಕಲೆ ಇಲ್ಲವೆನ್ನುವುದು ಮಾತ್ರ ಸುಳ್ಳು: ಪ್ರತಿ ತೂತಿಗೂ ಒಂದು ಬಿಳಿ ಚುಕ್ಕೆ ಉಳಿಯುತ್ತದೆ. ಕೂದಲು ಒಂದು ಸೆಂ.ಮೀ. ಇದ್ದರೆ ಅದು ಕಾಣದು, ಜೀರೋ ಕಟ್ ಹೊಡೆಸಿದರೆ ಕಾಣುತ್ತದೆ.

ಕಷ್ಟ ಇರುವುದು ಕಣ್ಣಿಗೆ ಕಾಣದ ಆಳದಲ್ಲಿ. ಕೂದಲು ಚರ್ಮದ ಮೇಲೆ ಒಂದು ಓರೆಯಲ್ಲಿ ಹೊರಟರೆ ಒಳಗೆ ಇನ್ನೊಂದು ಓರೆಯಲ್ಲಿರುತ್ತದೆ, ಗುಂಗುರು ಕೂದಲಿಗೆ ಬುಡವೇ ಬಾಗಿರುತ್ತದೆ. ಪಂಚ್ ಒಂದಿಷ್ಟು ಜಾರಿದರೂ ಬುಡ ಮಧ್ಯಕ್ಕೆ ತುಂಡು. ಹೊರಬಂದ ಗ್ರಾಫ್ಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಲಸದ ಗುಣ ಗೊತ್ತಾಗುತ್ತದೆ. ಒಳ್ಳೆಯದು ಒದ್ದೆಯಾಗಿ ಹೊಳೆಯುತ್ತದೆ, ಎರಡು ಮೂರು ಕೂದಲು ಒಟ್ಟಿಗೆ ಇಳಿದು ಕೆಳಗೆ ದುಂಡನೆ ಬಲ್ಬಾಗಿ ಮುಗಿಯುತ್ತವೆ, ಸುತ್ತ ತೆಳು ಹಳದಿ ಕೊಬ್ಬು ಅಂಟಿರುತ್ತದೆ. ಕೆಟ್ಟದ್ದರಲ್ಲಿ ಒಂದು ಕೂದಲು ಅರ್ಧಕ್ಕೇ ಚಪ್ಪಟೆಯಾಗಿ ಕೊನೆಯಾಗಿರುತ್ತದೆ, ಬಲ್ಬು ಒಳಗೇ ಉಳಿದಿರುತ್ತದೆ. ಇಂಥದ್ದು ನೂರಕ್ಕೆ ಐದನ್ನು ದಾಟಬಾರದು. ಎತ್ತಿದ್ದನ್ನು ತಣ್ಣಗಿನ ದ್ರಾವಣದಲ್ಲಿ ಮುಳುಗಿಸಿಡಬೇಕು. ಬರಿ ಗಾಜ್ ಬಟ್ಟೆಯ ಮೇಲೆ ಫ್ಯಾನ್ ಗಾಳಿಗೆ ಬಿಟ್ಟರೆ ಕೆಲವೇ ನಿಮಿಷಕ್ಕೆ ಹೊಳಪು ಮಾಸಿ ಸಾಯುತ್ತದೆ. ನೆಡುವಾಗ ಹಿಡಿಯಬೇಕಾದದ್ದೂ ಬಲ್ಬಿನ ಕೆಳಗಿನ ಕೊಬ್ಬನ್ನು. ಬಲ್ಬನ್ನೇ ಚಿಮುಟದಲ್ಲಿ ಒತ್ತಿದ ಗ್ರಾಫ್ಟ್ ಚೆನ್ನಾಗಿಯೇ ಕೂರುತ್ತದೆ, ಆದರೆ ಬೆಳೆಯುವುದಿಲ್ಲ. ವರ್ಷ ಕಳೆದ ಮೇಲೆ ‘ನಿಮ್ಮ ದೇಹಪ್ರಕೃತಿ’ ಎಂದು ಹೇಳುವ ಸೋಲುಗಳಲ್ಲಿ ಬಹಳಷ್ಟು ಈ ಮೂರು ಕಡೆಯವು: ತುಂಡಾದದ್ದು, ಒಣಗಿದ್ದು, ಒತ್ತಿದ್ದು.

ಎಫ್‌ಯುಇಯ ಇನ್ನೊಂದು ಅಪಾಯ ಅತಿಯಾಗಿ ತೆಗೆಯುವುದು. ಒಂದು ಸಲಕ್ಕೆ ನಾಲ್ಕು ಘಟಕಗಳಲ್ಲಿ ಒಂದಕ್ಕಿಂತ ಹೆಚ್ಚು ತೆಗೆದರೆ, ಅಥವಾ ಒಂದೇ ಕಡೆ ಒತ್ತಾಗಿ ತೆಗೆದರೆ ಹಿಂದಲೆ ನುಸಿ ತಿಂದ ಬಟ್ಟೆಯಂತಾಗುತ್ತದೆ. ಸಂಖ್ಯೆ ಮುಟ್ಟಿಸಲು ಕತ್ತಿನ ಕೆಳಗಿನ, ಕಿವಿಯ ಮೇಲಿನ ಅಸುರಕ್ಷಿತ ಜಾಗಕ್ಕೂ ಹೋಗಿಬಿಟ್ಟರೆ ಆ ಕೂದಲು ಮುಂದೆ ವಯಸ್ಸಾದಂತೆ ಉದುರುತ್ತದೆ.

ಡಿಎಚ್‌ಐ, ಸಫೈರ್ ಮತ್ತು ಉಳಿದ ಹೆಸರುಗಳು

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ: ಡಿಎಚ್‌ಐ ಎಂಬುದು ಬುಡ ತೆಗೆಯುವ ಬೇರೆ ವಿಧಾನವಲ್ಲ. ತೆಗೆಯುವುದು ಎಫ್‌ಯುಇಯಲ್ಲೇ. ವ್ಯತ್ಯಾಸ ನೆಡುವುದರಲ್ಲಿ. ಸಾಮಾನ್ಯ ಕ್ರಮದಲ್ಲಿ ವೈದ್ಯರು ಮೊದಲು ಎಲ್ಲ ಸೀಳುಗಳನ್ನು ಮಾಡಿ, ಆಮೇಲೆ ಚಿಮುಟದಿಂದ ಗ್ರಾಫ್ಟ್ ಇಡುತ್ತಾರೆ. ಡಿಎಚ್‌ಐನಲ್ಲಿ ಕೊರಿಯಾದಲ್ಲಿ ರೂಪುಗೊಂಡ ಚೋಯ್ ಪೆನ್ನಿನ ಸೂಜಿಯೊಳಗೆ ಗ್ರಾಫ್ಟ್ ತುಂಬಿ, ಚುಚ್ಚುವುದೂ ಇಡುವುದೂ ಒಂದೇ ಸಲ. ಕೂದಲು ಇನ್ನೂ ಇರುವ ತೆಳು ಜಾಗದಲ್ಲಿ, ಇದ್ದುದಕ್ಕೆ ಏಟಾಗದಂತೆ ನಡುನಡುವೆ ಸೇರಿಸಲು ಇದು ಚೆನ್ನ. ಬಲ್ಬಿಗೆ ಚಿಮುಟದ ಒತ್ತಡವೂ ಕಡಿಮೆ. ಆದರೆ ಪೆನ್ನು ತುಂಬುವವರ ಕೈ ಪಳಗಿರದಿದ್ದರೆ ತುಂಬುವಾಗಲೇ ಬುಡ ಜಜ್ಜುತ್ತದೆ, ನಿಧಾನ, ದುಬಾರಿ. ಪೂರ್ತಿ ಬೋಳಾದ ಹಣೆಗೆ ಹೆಚ್ಚು ಹಣ ಕೊಟ್ಟು ಇದನ್ನೇ ಹಿಡಿಯಬೇಕಾದ ಕಾರಣ ನಮಗೆ ಕಾಣುವುದಿಲ್ಲ.

ಸಫೈರ್ ಅಂದರೆ ಸೀಳು ಮಾಡುವ ಬ್ಲೇಡು ಉಕ್ಕಿನ ಬದಲು ನೀಲಮಣಿ ಹರಳಿನದು, ಅಷ್ಟೇ. ಬಯೋ ಎಫ್‌ಯುಇ ಅಂದರೆ ಸಾಮಾನ್ಯವಾಗಿ ಎಫ್‌ಯುಇ ಜೊತೆ ಪಿಆರ್‌ಪಿ. ರೋಬೋಟ್ ಯಂತ್ರ ಬುಡ ಕೊರೆಯಲು ನೆರವಾಗುತ್ತದೆ, ವಿನ್ಯಾಸ ಮನುಷ್ಯರದೇ. ಹಿಂದಲೆ ಸಾಲದವರಿಗೆ ಗಡ್ಡದ ಕೆಳಭಾಗದ ಕೂದಲು ತೆಗೆಯುತ್ತಾರೆ. ಅದು ದಪ್ಪ, ಒರಟು, ಹಾಗಾಗಿ ಮುಂದಿನ ಅಂಚಿಗೆ ಬೇಡ, ನಡುವೆ ಬೆರೆಸಿದರೆ ಒಳ್ಳೆಯ ತುಂಬು ಕೊಡುತ್ತದೆ. ಎದೆಯ ಕೂದಲು ಬೆಳೆಯುವ ಅವಧಿಯೇ ಚಿಕ್ಕದಾದ್ದರಿಂದ ಉದ್ದ ಬರುವುದಿಲ್ಲ. ಕೃತಕ ನಾರಿನ ಕೂದಲು ನೆಡುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ: ಸೋಂಕು, ಕೀವು, ಕಲೆ ಖಚಿತವೆಂಬಷ್ಟು ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1983ರಲ್ಲೇ ಅದನ್ನು ನಿಷೇಧಿಸಿತು.

ಹಾಗಾದರೆ ಯಾರಿಗೆ ಯಾವುದು? ಮುಂಭಾಗ ಮಾತ್ರ ಹೋಗಿದ್ದು 2,000–2,500 ಗ್ರಾಫ್ಟ್ ಬೇಕಿರುವ, ಕೂದಲು ಗಿಡ್ಡಗೆ ಬಿಡುವ, ದೇಹಶ್ರಮದ ಕೆಲಸದ ಗಂಡಸರಿಗೆ ಎಫ್‌ಯುಇ. ಬೋಳು ದೊಡ್ಡದಿದ್ದು ಮುಂದೆ ಎರಡನೇ ಸಲವೂ ಬೇಕಾಗಬಹುದಾದವರು, ಹಿಂದಲೆಯ ಕೂದಲು ಎರಡು ಮೂರು ಸೆಂ.ಮೀ. ಬಿಡುವವರಾದರೆ, ಮೊದಲು ಎಫ್‌ಯುಟಿ, ಮುಂದೆ ಬೇಕಾದಾಗ ಗೆರೆಯ ಮೇಲೆ ಕೆಳಗೆ ಎಫ್‌ಯುಇ. ಹೀಗೆ ಎರಡೂ ಸೇರಿದಾಗ ಹಿಂದಲೆಯಿಂದ ಸಿಗುವ ಒಟ್ಟು ಬುಡಗಳು ಯಾವುದೇ ಒಂದರಿಂದ ಸಿಗುವುದಕ್ಕಿಂತ ಹೆಚ್ಚು. ಎಫ್‌ಯುಟಿಯನ್ನು ಹಳೆಯದೆಂದು ಕಡೆಗಣಿಸುವುದು ಸರಿಯಲ್ಲ. ಪಟ್ಟಿ ತೆಗೆಯಲು, ಬಿಡಿಸಲು ಪಳಗಿದ ತಂಡ ಬೇಕಾಗುವುದರಿಂದ ಎಷ್ಟೋ ಕಡೆ ಅದನ್ನು ಮಾಡುವುದೇ ಇಲ್ಲ, ಮಾಡದ್ದನ್ನು ಶಿಫಾರಸೂ ಮಾಡುವುದಿಲ್ಲ.

ಚಾಕು ಯಾರ ಕೈಯಲ್ಲಿದೆ

ವಿಧಾನಕ್ಕಿಂತ ಇದು ದೊಡ್ಡ ಪ್ರಶ್ನೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಕೂದಲು ಕಸಿಯನ್ನು ತರಬೇತಾದ ನೋಂದಾಯಿತ ವೈದ್ಯರ ಕೆಲಸವೆಂದು ಸ್ಪಷ್ಟಪಡಿಸಿದೆ. ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗದಲ್ಲಿ ಸ್ನಾತಕೋತ್ತರ ಕಲಿಕೆ ಅದರ ಬುನಾದಿ. ಕಾರ್ಯಾಗಾರ ನೋಡಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದೂ ಹೇಳಿದೆ. ತಂತ್ರಜ್ಞರು ವೈದ್ಯರ ಕಣ್ಣೆದುರು ನೆರವಾಗಬಹುದು. ದೆಹಲಿಯಲ್ಲಿ, ಕಾನ್ಪುರದಲ್ಲಿ ಕಸಿಯ ಬಳಿಕ ಸಾವುಗಳೇ ವರದಿಯಾಗಿವೆ. ಇದು ಸಲೂನಿನ ಮುಂದುವರಿದ ಸೇವೆಯಲ್ಲ, ಶಸ್ತ್ರಚಿಕಿತ್ಸೆ.

ಹಾಗಾಗಿ ನೇರವಾಗಿ ಕೇಳಿ: ಅರಿವಳಿಕೆ ಯಾರು ಕೊಡುತ್ತಾರೆ, ಪಂಚ್ ಯಾರು ಹಿಡಿಯುತ್ತಾರೆ, ಸೀಳು ಯಾರು ಮಾಡುತ್ತಾರೆ? ಈ ಮೂರಕ್ಕೂ ವೈದ್ಯರ ಹೆಸರೇ ಬರಬೇಕು. ಆ ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಹುಡುಕಿ. ಕ್ಲಿನಿಕ್ಕಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಲೇಬೇಕು, ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು. ಸಂಶಯವಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು.

ಅರಿವಳಿಕೆಯ ಲೆಕ್ಕವೂ ತಿಳಿದಿರಲಿ. ಅಡ್ರಿನಲಿನ್ ಬೆರೆತ ಲಿಗ್ನೊಕೇನ್‌ನ ಗರಿಷ್ಠ ಮಿತಿ ಸಾಮಾನ್ಯವಾಗಿ ದೇಹದ ತೂಕದ ಕೆ.ಜಿ.ಗೆ 7 ಮಿ.ಗ್ರಾಂ. 70 ಕೆ.ಜಿ. ಮನುಷ್ಯನಿಗೆ 490 ಮಿ.ಗ್ರಾಂ., ಅಂದರೆ 2% ದ್ರಾವಣ 24 ಮಿ.ಲೀ. ಹತ್ತು ಹನ್ನೆರಡು ತಾಸಿನ ಕಸಿಯಲ್ಲಿ ಮತ್ತೆ ಮತ್ತೆ ಚುಚ್ಚುತ್ತಾ ಇದು ಮೀರಿದರೆ ಬಾಯಿಯ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ನಾಲಿಗೆಗೆ ಲೋಹದ ರುಚಿ, ಆಮೇಲೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು. ಮೊದಲ ಲಕ್ಷಣಕ್ಕೇ ಬಾಯಿಬಿಟ್ಟು ಹೇಳಬೇಕು. ಆಮ್ಲಜನಕ, ತುರ್ತು ಔಷಧ, ಹೃದಯದ ಬಡಿತ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರ ಕೋಣೆಯಲ್ಲೇ ಇರಬೇಕು. ಬಿಪಿಗೆ ಅಥವಾ ನಡುಕಕ್ಕೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರು ಮರೆಯದೆ ತಿಳಿಸಬೇಕು, ಅಡ್ರಿನಲಿನ್ ಜೊತೆ ಸೇರಿ ಬಿಪಿ ದಿಢೀರನೆ ಏರಬಹುದು. ಹೃದಯಕ್ಕೆಂದು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರು ತಮ್ಮ ಹೃದ್ರೋಗ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೆ ಕಸಿ ಮುಂದೂಡಬೇಕು. ಬೀಡಿ, ಸಿಗರೇಟು, ಗುಟ್ಕಾ ಹಿಂದೆ ಮುಂದೆ ಎರಡೆರಡು ವಾರವಾದರೂ ಬಿಡಬೇಕು: ನಿಕೋಟಿನ್‌ಗೆ ರಕ್ತನಾಳ ಕುಗ್ಗಿ, ಒತ್ತಾಗಿ ನೆಟ್ಟ ಜಾಗದಲ್ಲಿ ಚರ್ಮ ಕಪ್ಪಗಾಗಿ ಸಾಯುವ ಅಪಾಯವಿದೆ.

ದುಡ್ಡು ಮತ್ತು ದೂರ

ಗ್ರಾಫ್ಟಿಗೆ 25–30 ರೂಪಾಯಿಯಿಂದ ನೂರು ದಾಟಿಯೂ ಹೇಳುತ್ತಾರೆ. 40 ರೂಪಾಯಿಯಂತೆ 2,500 ಗ್ರಾಫ್ಟಿಗೆ ಒಂದು ಲಕ್ಷ; ಸೌಂದರ್ಯ ಚಿಕಿತ್ಸೆಯೆಂದು 18% ಜಿಎಸ್‌ಟಿ ಸೇರಿ 1,18,000. ಆರೋಗ್ಯ ವಿಮೆ ಬರುವುದಿಲ್ಲ. ಅಗ್ಗದ ದರದ ಹಿಂದೆ ಎರಡು ಉಪಾಯಗಳಿರುತ್ತವೆ: ಗ್ರಾಫ್ಟ್ ಬದಲು ಕೂದಲನ್ನೇ ಎಣಿಸುವುದು, ಅಥವಾ ಮೂರು ಕೂದಲಿನ ಒಂದು ಘಟಕವನ್ನು ಸೀಳಿ ಮೂರು ಗ್ರಾಫ್ಟ್ ಮಾಡುವುದು. ಎರಡನೆಯದರಲ್ಲಿ ಬುಡಗಳೂ ಸಾಯುತ್ತವೆ. ಬಿಲ್ಲಿನಲ್ಲಿ ಒಂದು, ಎರಡು, ಮೂರು ಕೂದಲಿನ ಗ್ರಾಫ್ಟ್ ಎಷ್ಟೆಷ್ಟು ಎಂದು ಬರೆಸಿಕೊಳ್ಳಿ. ‘ಇವತ್ತೇ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ’ ಎಂದರೆ ಕೊಡದೆ ಬನ್ನಿ.

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ 200. ಅಲ್ಲಿ ಆಯ್ಕೆ ಹೆಚ್ಚು, ಎಫ್‌ಯುಟಿ ತಂಡಗಳೂ ಸಿಗುತ್ತವೆ. ಊರಲ್ಲೇ ಮಾಡಿಸಿದರೆ ಮೂರನೇ ದಿನ ಹಣೆ ಊದಿಕೊಂಡಾಗ ತೋರಿಸಲು ವೈದ್ಯರು ಹತ್ತಿರವಿರುತ್ತಾರೆ. ಆದರೆ ತಿಂಗಳಿಗೊಮ್ಮೆ ಬೇರೆ ಊರಿಂದ ವೈದ್ಯರು ಬಂದು ಹೋಗುವ ಕಡೆ ಈ ಅನುಕೂಲವೂ ಇಲ್ಲ. ಅವರು ಹೋದ ಮೇಲೆ ಯಾರು ನೋಡುತ್ತಾರೆಂದು ಮೊದಲೇ ಕೇಳಿ. ಬೆಂಗಳೂರಿಗೆ ಹೋದವರು ಮೊದಲ ತಲೆತೊಳೆತವಾಗುವವರೆಗೆ ಎರಡು ಮೂರು ದಿನ ಅಲ್ಲೇ ಉಳಿಯುವುದು ಒಳಿತು. ಬಸ್ಸಿಗಿಂತ ರೈಲು ಮೇಲು: ಕುಲುಕು ಕಡಿಮೆ, ಸೀಟಿನ ತಲೆದಿಂಬಿಗೆ ತಲೆ ತಾಗದಂತೆ ಕುತ್ತಿಗೆಗೆ ಯು ಆಕಾರದ ದಿಂಬು ಇಟ್ಟುಕೊಳ್ಳಬಹುದು. ಎಫ್‌ಯುಟಿ ಹೊಲಿಗೆ ಬಿಚ್ಚಿಸಲು ಚೀಟಿ ಬರೆಸಿಕೊಂಡು ಬಂದರೆ ಊರಿನಲ್ಲೇ ಆಗುತ್ತದೆ.

ಕಾಲ, ಆರೈಕೆ

ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಬೆವರು ಸುರಿಯುತ್ತದೆ; ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮದುವೆಗೆಂದು ಮಾಡಿಸುವವರು ಹಿಂದಿನಿಂದ ಎಣಿಸಬೇಕು. ನೆಟ್ಟ ಕೂದಲು ಎರಡರಿಂದ ಆರನೇ ವಾರದೊಳಗೆ ಉದುರಿಹೋಗುತ್ತದೆ, ಬುಡ ಒಳಗಿರುತ್ತದೆ. ಮೂರು ನಾಲ್ಕನೇ ತಿಂಗಳಿಗೆ ಮೊಳಕೆ, ಆರಕ್ಕೆ ಅರ್ಧ, ಹನ್ನೆರಡಕ್ಕೆ ಪೂರ್ತಿ. ಸುಳಿಗೆ ಹದಿನೆಂಟೂ ಆಗಬಹುದು. ವೈಶಾಖದ ಮದುವೆಗೆ ಸಂಕ್ರಾಂತಿಯಲ್ಲಿ ಕಸಿ ಮಾಡಿಸಿದರೆ ಫೋಟೊದಲ್ಲಿ ಮೊದಲಿಗಿಂತ ತೆಳುವಾಗಿ, ಕೆಂಪಾಗಿ ಕಾಣುತ್ತೀರಿ. ಹಿಂದಿನ ವರ್ಷದ ವೈಶಾಖವೇ ಕೊನೆಯ ಗಡುವು.

ರೇಖೆ ಬರೆಸುವಾಗ ಅವಸರ ಬೇಡ. ಹುಬ್ಬುಗಳ ನಡುವಿನಿಂದ 7ರಿಂದ 9 ಸೆಂ.ಮೀ. ಮೇಲೆ, ಅಂಕುಡೊಂಕಾಗಿ, ಮೊದಲ ಸಾಲುಗಳಲ್ಲಿ ಒಂಟಿ ಕೂದಲಿನ ಗ್ರಾಫ್ಟ್ ಮಾತ್ರ. ಅಳತೆಪಟ್ಟಿ ಇಟ್ಟು ಗೆರೆ ಎಳೆದಂತಿದ್ದರೆ ಅಳಿಸಿ ಮತ್ತೆ ಬರೆಸಿ.

ಮೊದಲ ಮೂರು ನಾಲ್ಕು ರಾತ್ರಿ ಎರಡು ಮೂರು ದಿಂಬಿಟ್ಟು 45 ಡಿಗ್ರಿಯಲ್ಲಿ ಒರಗಿ ಮಲಗಿ. ಎಚ್ಚರವಿರುವಾಗ ತಾಸಿಗೊಮ್ಮೆ ಸಲೈನ್ ಸಿಂಪಡಿಸಿ. ಮೂರನೇ ದಿನಕ್ಕೆ ಊತ ಹಣೆಯಿಂದ ಕಣ್ಣಿಗೆ ಇಳಿಯುವುದು ಸಹಜ, ವಾರದೊಳಗೆ ಇಳಿಯುತ್ತದೆ. 48ರಿಂದ 72 ತಾಸಿನ ಮೇಲೆ ಶಾಂಪೂ ನೊರೆಯನ್ನು ಮೆಲ್ಲಗೆ ಇಟ್ಟು, ಶವರ್ ಬಳಸದೆ ಚೊಂಬಿನಿಂದ ನೀರು ಸುರಿಯಿರಿ. ಹಕ್ಕಳೆ ಹತ್ತು ದಿನಕ್ಕೆ ತಾನೇ ಬಿಡಬೇಕು. ಉಗುರಿನಿಂದ ಕಿತ್ತರೆ ಗ್ರಾಫ್ಟೂ ಬರುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ಯಾವ ಮನೆಮದ್ದೂ ಬೇಡ. ಎರಡು ವಾರ ಹೆಲ್ಮೆಟ್ ಹಾಕಲಾಗದು, ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವಂತಿಲ್ಲ, ಆದ್ದರಿಂದ ಆ ಎರಡು ವಾರ ಬೈಕೇ ಬೇಡ. ಹೊರಗೆ ಹೋದರೆ ಧೂಳಿಗೆ ಸಡಿಲ ಟೋಪಿ. ಕೆರೆ, ನಾಲೆಯ ಈಜು ಒಂದು ತಿಂಗಳು ನಿಲ್ಲಲಿ. ತಿರುಪತಿಗೆ ಮುಡಿ ಹರಕೆ ಇದ್ದರೆ ಕಸಿಗೆ ಮೊದಲೇ ತೀರಿಸಿ, ಅಥವಾ ಒಂದು ವರ್ಷ ಮುಂದಕ್ಕೆ ಹಾಕಿ. ಬೆಳೆದ ಮೇಲೆ ಬೋಳಿಸಿದರೆ ಬುಡಕ್ಕೇನೂ ಆಗದು. ಎರಡರಿಂದ ನಾಲ್ಕನೇ ತಿಂಗಳಲ್ಲಿ ಏಳುವ ಸಣ್ಣ ಗುಳ್ಳೆಗಳನ್ನು ಹಿಸುಕಬೇಡಿ. ಜ್ವರ, ಕೀವು, ದಿನೇದಿನೇ ಏರುವ ನೋವು, ಕಪ್ಪಾಗುವ ಚರ್ಮ ಕಂಡರೆ ಮಾತ್ರ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಫಲ ಅಳೆಯಲು ಕಸಿಯ ಹಿಂದಿನ ದಿನವೇ ನಾಲ್ಕು ಫೋಟೊ ತೆಗೆದಿಡಿ: ಮುಂದೆ, ನೆತ್ತಿ, ಸುಳಿ, ಹಿಂದಲೆ, ಕೂದಲು ಒದ್ದೆ, ಒಂದೇ ಕಿಟಕಿಯ ಬೆಳಕು. 6, 9, 12ನೇ ತಿಂಗಳಿಗೆ ಅದೇ ಕಿಟಕಿಯ ಬಳಿ ಮತ್ತೆ ತೆಗೆಯಿರಿ. ಹನ್ನೆರಡು ತಿಂಗಳು ತುಂಬುವ ಮುನ್ನ ಎರಡನೇ ಕಸಿಯ ಮಾತಿಗೆ ಒಪ್ಪಬೇಡಿ. ತುಂಬಿದ ಮೇಲೆ ಹೋಗುವಾಗ ಮೊದಲ ಕಸಿಯ ಕಾಗದ ಜೊತೆಗಿರಲಿ: ಎಷ್ಟು ಗ್ರಾಫ್ಟ್, ಯಾವ ಭಾಗದಿಂದ, ಎಷ್ಟು ಮಿ.ಮೀ. ಪಂಚ್. ಹೊಸ ವೈದ್ಯರಾದರೂ ಹಿಂದಲೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಅಂದಾಜಿಸಲು ಅದು ಬೇಕು.